ಬೇಟೆಗಾರನ ಛಲ, ಬೇಟೆಗಾರನ ಋಣ: ‘ಸ್ಪೈಡರ್-ಮ್ಯಾನ್’ ಸರಣಿಯ ಕ್ರೇವನ್

ಅಮೆರಿಕದ ಫಾಕ್ಸ್ ದೂರದರ್ಶನ ಜಾಲವು ಮಕ್ಕಳಿಗೆಂದು ಮೀಸಲಿಟ್ಟಿದ್ದ ಕಾರ್ಯಕ್ರಮ ವಿಭಾಗದಲ್ಲಿ 1994ರ ನವೆಂಬರ್‌ನಿಂದ 1998ರ ಜನವರಿಯವರೆಗೆ ‘ಸ್ಪೈಡರ್-ಮ್ಯಾನ್’ ಎಂಬ ಅನಿಮೇಷನ್ ಸರಣಿಯು 65 ಕಂತುಗಳಲ್ಲಿ ಪ್ರಸಾರಗೊಂಡಿತು. ಜಾನ್ ಸೆಂಪರ್ ಅವರ ಕಥಾನಿರ್ವಹಣೆಯಲ್ಲಿ ಸಿದ್ಧವಾದ ಈ ಸರಣಿಯು ಖಳಪಾತ್ರಗಳ ವಿಷಯದಲ್ಲಿ ಬಹು ಸಮೃದ್ಧವಾದುದು. ಹಲ್ಲಿಯಾಗಿ ಮಾರ್ಪಡುವ ವಿಜ್ಞಾನಿ, ಯಂತ್ರದ ತೋಳುಗಳ ಇನ್ನೊಬ್ಬ ವಿಜ್ಞಾನಿ, ಪಾತಕಲೋಕದ ಸ್ಥೂಲಕಾಯದ ದೊರೆ ಮುಂತಾದ ಆರ್ಭಟದ ಪಾತ್ರಗಳ ನಡುವೆ, ಬೆರಳೆಣಿಕೆಯ ಕಂತುಗಳಲ್ಲಿ ಮಾತ್ರ ಪ್ರಧಾನವಾಗಿ ಕಾಣಿಸಿಕೊಳ್ಳುವ ಸೆರ್ಗೈ ಕ್ರಾವಿನಾಫ್, ಅರ್ಥಾತ್ ಬೇಟೆಗಾರ ಕ್ರೇವನ್, ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಚರ್ಚೆಯಾದಾಗಲೂ ಅದು 1987ರಲ್ಲಿ ಪ್ರಕಟವಾದ ‘ಕ್ರೇವನ್ಸ್ ಲಾಸ್ಟ್ ಹಂಟ್’ ಎಂಬ ಪ್ರಸಿದ್ಧ ಚಿತ್ರಕಥೆಯ ನೆರಳಿನಲ್ಲಿಯೇ ನಡೆಯುತ್ತದೆ. ಮೂಲದ ಗಾಂಭೀರ್ಯವನ್ನು ಮಕ್ಕಳ ದೂರದರ್ಶನವು ನೀರಾಗಿಸಿತು ಎಂಬುದು ಸಾಮಾನ್ಯ ಅಭಿಪ್ರಾಯ. ಈ ಅಭಿಪ್ರಾಯದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಚಿತ್ರಕಥೆಯ ಕ್ರೇವನ್‌ನ ಮರ್ಯಾದೆ ಛಲದಿಂದ ಹುಟ್ಟಿದುದು, ಸರಣಿಯ ಕ್ರೇವನ್‌ನ ಮರ್ಯಾದೆ ಋಣದಿಂದ ಹುಟ್ಟಿದುದು. ಎರಡೂ ಬೇರೆ ಬೇರೆ ಜಾತಿಯವು, ಒಂದು ಇನ್ನೊಂದರ ದುರ್ಬಲ ನಕಲಲ್ಲ ಎಂಬುದು ನಮ್ಮ ನಿಲುವು.

ಇಂಗ್ಲಿಷಿನಲ್ಲಿ ಈ ಬಗೆಯ ಪಾತ್ರವನ್ನು ವರ್ಣಿಸಲು ಬಳಸುವುದು ‘ಆನರ್’ ಎಂಬ ಒಂದೇ ಪದವನ್ನು. ಆ ಪದ ಮಾನವನ್ನೂ ಹೇಳುತ್ತದೆ, ಕೊಟ್ಟ ಮಾತಿನ ನಿಷ್ಠೆಯನ್ನೂ ಹೇಳುತ್ತದೆ, ಕುಲದ ಹೆಮ್ಮೆಯನ್ನೂ ಹೇಳುತ್ತದೆ. ಕನ್ನಡದಲ್ಲಿ ಇವು ಬೇರೆ ಬೇರೆ ಪದಗಳು, ಬೇರೆ ಬೇರೆ ಮೌಲ್ಯಗಳು. ಅಲ್ಲದೆ ಎದುರಾಳಿಯ ಹಿರಿಮೆಯನ್ನು ಗುರುತಿಸುವ ಅಭ್ಯಾಸ ನಮ್ಮ ವಿಮರ್ಶೆಗೆ ಹೊಸದಲ್ಲ. ನಾಗಚಂದ್ರನ ರಾವಣನನ್ನು ದುರಂತ ನಾಯಕನಾಗಿ ಬಿ.ಎಂ. ಶ್ರೀಕಂಠಯ್ಯನವರು ವಿವೇಚಿಸಿದ್ದುಂಟು. ಪಂಪ ರನ್ನರಿಬ್ಬರೂ ದುರ್ಯೋಧನನ ಛಲವನ್ನು ಮುಚ್ಚುಮರೆಯಿಲ್ಲದೆ ಮೆಚ್ಚಿದವರು. ಆದುದರಿಂದ ಕನ್ನಡದ ಅಭ್ಯಾಸಿಗಳಿಗೆ ಖಳನಿಗೂ ಪ್ರತಿನಾಯಕನಿಗೂ ಇರುವ ಅಂತರವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಕೇಡನ್ನು ಬಯಸುವವನು ಖಳ. ನಾಯಕನಿಗೆ ಎದುರಾಗಿ ನಿಂತು ತನ್ನದೇ ಒಂದು ಧರ್ಮವನ್ನು ಕೊನೆಯವರೆಗೆ ಹಿಡಿದುಕೊಂಡವನು ಪ್ರತಿನಾಯಕ. ಕ್ರೇವನ್ ಇವೆರಡರ ನಡುವಣ ಗೆರೆಯ ಮೇಲೆ ನಡೆಯುವ ಪಾತ್ರವಾದ್ದರಿಂದಲೇ ಅವನನ್ನು ನಮ್ಮ ಪರಿಭಾಷೆಯಲ್ಲಿ ಪರೀಕ್ಷಿಸುವುದು ಲಾಭದಾಯಕವೆಂದು ತೋರುತ್ತದೆ.

ಈ ಪಾತ್ರದ ವಂಶವೃಕ್ಷವನ್ನು ಮೊದಲು ಗಮನಿಸಬೇಕು. ಅಮೆರಿಕದ ಲೇಖಕ ರಿಚರ್ಡ್ ಕಾನೆಲ್ 1924ರಲ್ಲಿ ಪ್ರಕಟಿಸಿದ ‘ದಿ ಮೋಸ್ಟ್ ಡೇಂಜರಸ್ ಗೇಮ್’ ಎಂಬ ಸಣ್ಣಕಥೆಯಲ್ಲಿ ಜನರಲ್ ಜಾರಾಫ್ ಎಂಬ ಕಸಾಕ್ ಶ್ರೀಮಂತನೊಬ್ಬನು ಬರುತ್ತಾನೆ. ಲೋಕದ ಎಲ್ಲ ಮೃಗಗಳನ್ನೂ ಬೇಟೆಯಾಡಿ ಬೇಸತ್ತ ಅವನು ತನ್ನ ದ್ವೀಪಕ್ಕೆ ಸಿಕ್ಕಿಬಿದ್ದ ಮನುಷ್ಯರನ್ನೇ ಬೇಟೆಯಾಡತೊಡಗಿದ್ದಾನೆ. ಅವನಿಗೆ ನಿಯಮಗಳಿವೆ. ಬೇಟೆಗೆ ಒಳಗಾದವನಿಗೆ ಆಹಾರ, ಚಾಕು, ಮುಂಚಿತವಾಗಿ ಓಡುವ ಅವಕಾಶ ಎಲ್ಲವನ್ನೂ ಕೊಡುತ್ತಾನೆ. ಮೂರು ದಿನ ತಪ್ಪಿಸಿಕೊಂಡು ಉಳಿದರೆ ಗೆದ್ದಂತೆ. ಔತಣದ ಮೇಜಿನಲ್ಲಿ ಅವನ ಸೌಜನ್ಯಕ್ಕೆ ಕುಂದಿಲ್ಲ. ಆದರೆ ಈ ನಿಯಮಗಳನ್ನು ಮಾಡಿದವನು ಅವನೊಬ್ಬನೇ. ಬೇಟೆಯಾಗುವವನನ್ನು ಯಾರೂ ಕೇಳಿಲ್ಲ. ಒಪ್ಪದಿದ್ದರೆ ಅವನಿಗೆ ಕಾದಿರುವುದು ಜಾರಾಫನ ಸೇವಕನ ಕೈಯ ಚಿತ್ರಹಿಂಸೆ. ಕಥೆಯ ಆರಂಭದಲ್ಲಿ ಹಡಗಿನ ಮೇಲೆ ನಿಂತ ನಾಯಕ ರೇನ್ಸ್‌ಫರ್ಡ್, ಸ್ವತಃ ಹೆಸರಾಂತ ಬೇಟೆಗಾರ, ಜಾಗ್ವಾರ್ ಮೃಗಕ್ಕೆ ಏನನ್ನಿಸುತ್ತದೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುತ್ತಾನೆ. ಮುಂದೆ ಅವನೇ ಆ ಮೃಗದ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. 1932ರಲ್ಲಿ ಚಲನಚಿತ್ರವೂ ಆದ ಈ ಕಥೆಯ ನಂತರ ಇಂಗ್ಲಿಷ್ ಜನಪ್ರಿಯ ಸಾಹಿತ್ಯದಲ್ಲಿ ಬಂದ ‘ಮರ್ಯಾದಸ್ಥ ಬೇಟೆಗಾರ’ರೆಲ್ಲ ಹೆಚ್ಚು ಕಡಿಮೆ ಜಾರಾಫನ ಮಕ್ಕಳೇ.

ಕ್ರೇವನ್‌ನನ್ನು ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಅವರು 1964ರಲ್ಲಿ ‘ದಿ ಅಮೇಜಿಂಗ್ ಸ್ಪೈಡರ್-ಮ್ಯಾನ್’ ಪತ್ರಿಕೆಯ 15ನೆಯ ಸಂಚಿಕೆಯಲ್ಲಿ ತಂದರು. ಸಿಂಹದ ಕೇಸರವನ್ನು ಹೊಲಿದ ಮೇಲಂಗಿ, ಚಿರತೆಯ ಚರ್ಮದ ಅಲಂಕಾರ, ಬಂದೂಕನ್ನು ಬಿಟ್ಟು ಬರಿಗೈಯಲ್ಲಿ ಮೃಗಗಳನ್ನು ಗೆದ್ದವನೆಂಬ ಖ್ಯಾತಿ ಇವಿಷ್ಟೂ ಮೊದಲ ಪ್ರವೇಶದಲ್ಲಿಯೇ ಸಿದ್ಧವಾಗಿದ್ದವು. ಆದರೆ ಅವನ ಬರಿಗೈ ನಿಜಕ್ಕೂ ಬರಿಗೈಯಲ್ಲ. ಕಾಡಿನ ಗಿಡಮೂಲಿಕೆಗಳ ಮದ್ದನ್ನು ಕುಡಿದು ಆ ಬಲವನ್ನು ಅವನು ಪಡೆಯುತ್ತಾನೆ. ಬಂದೂಕು ಅನ್ಯಾಯ, ಮದ್ದು ನ್ಯಾಯ ಎಂಬ ಈ ವಿಂಗಡಣೆಯನ್ನು ಕಥೆಗಾರರು ಎಲ್ಲಿಯೂ ಸಮರ್ಥಿಸುವುದಿಲ್ಲ. ಬಹುಶಃ ಅವರ ಗಮನಕ್ಕೇ ಬಂದಿರಲಾರದು. ಮೂವತ್ತು ವರ್ಷಗಳ ನಂತರ ಅನಿಮೇಷನ್ ಸರಣಿಯ ಲೇಖಕರು ಈ ಬಿರುಕಿನಲ್ಲಿಯೇ ಕೈಯಿಟ್ಟು ಪಾತ್ರವನ್ನು ಹೊಸದಾಗಿ ಕಟ್ಟಿದರು ಎಂಬುದು ಗಮನಾರ್ಹ.

ಅದಕ್ಕೆ ಬರುವ ಮುನ್ನ 1987ರ ಕೃತಿಯನ್ನು ನೋಡಬೇಕು. ಜೆ.ಎಂ. ಡಿಮ್ಯಾಟಿಸ್ ಬರೆದು ಮೈಕ್ ಜೆಕ್ ಚಿತ್ರಿಸಿದ ಈ ಕಥೆ ಆರು ಭಾಗಗಳಲ್ಲಿ, ಮೂರು ಬೇರೆ ಬೇರೆ ಪತ್ರಿಕೆಗಳಲ್ಲಿ ಹಂಚಿ ಪ್ರಕಟವಾಯಿತು. ಇಲ್ಲಿನ ಕ್ರೇವನ್ ಮುಪ್ಪಿನ ಅಂಚಿನಲ್ಲಿರುವ, ಕುಲಕ್ಷಯದ ನೆನಪಿನಿಂದ ನರಳುತ್ತಿರುವ ಮನುಷ್ಯ. ತಾಯಿಯ ಹುಚ್ಚಿನ ಮಾತು ಅವನ ಮನಸ್ಸಿನಲ್ಲಿ ಮತ್ತೆ ಮತ್ತೆ ಮರುಕಳಿಸುತ್ತದೆ. ಅವನು ಸ್ಪೈಡರ್-ಮ್ಯಾನ್‌ನನ್ನು ಗುಂಡಿಟ್ಟು ಕೆಡವಿ, ಮದ್ದಿನ ಅಮಲಿನಲ್ಲಿ ಜೀವಂತವಾಗಿ ಹೂಳುತ್ತಾನೆ. ಅವನ ವೇಷವನ್ನು ತಾನೇ ಧರಿಸಿ ನಗರದಲ್ಲಿ ತಿರುಗುತ್ತಾನೆ. ಸ್ಪೈಡರ್-ಮ್ಯಾನ್‌ನಿಗೆ ಒಬ್ಬನಿಂದಲೇ ಸಾಧ್ಯವಾಗದಿದ್ದ ವರ್ಮಿನ್ ಎಂಬ ನರಭಕ್ಷಕ ಇಲಿಮನುಷ್ಯನನ್ನು ತಾನು ಒಬ್ಬಂಟಿಯಾಗಿ ಸೆರೆಹಿಡಿಯುತ್ತಾನೆ. ಎರಡು ವಾರಗಳ ನಂತರ ಗೋರಿಯಿಂದ ಎದ್ದುಬಂದ ನಾಯಕನು ಹೊಡೆಯಲು ಬಂದಾಗ ಅವನು ತಿರುಗಿ ಹೊಡೆಯುವುದಿಲ್ಲ. ಗೆದ್ದುದಾಯಿತು, ಇನ್ನು ಕಾದುವ ಅಗತ್ಯವಿಲ್ಲ ಎಂಬುದು ಅವನ ನಿಲುವು. ಬಳಿಕ ಬಂದೂಕನ್ನು ತನ್ನ ಮೇಲೆ ತಿರುಗಿಸಿಕೊಂಡು ಸಾಯುತ್ತಾನೆ.

ಈ ಕೃತಿಯ ಶಕ್ತಿಯನ್ನು ಅಲ್ಲಗಳೆಯಲಾಗದು. ಜೆಕ್ ಅವರ ಚಿತ್ರಗಳಲ್ಲಿನ ಮಳೆ, ಮಣ್ಣು ಮತ್ತು ಕತ್ತಲು ಅರ್ಥಕ್ಕಿಂತ ಮುಂಚೆಯೇ ಓದುಗನನ್ನು ಹಿಡಿದುಬಿಡುತ್ತವೆ. ಆದರೂ ಇಲ್ಲಿ ಮರ್ಯಾದೆಯೆಂದರೇನು? ಕ್ರೇವನ್ ಸ್ಪೈಡರ್-ಮ್ಯಾನ್‌ನನ್ನು ಕೊಲ್ಲುವುದಿಲ್ಲ, ಬಿಟ್ಟುಕೊಡುತ್ತಾನೆ ಎಂಬುದನ್ನು ಔದಾರ್ಯವೆಂದು ಹಲವರು ಓದಿದ್ದಾರೆ. ನಮಗೆ ಹಾಗೆನ್ನಿಸುವುದಿಲ್ಲ. ಹೂಳಲ್ಪಟ್ಟವನ ಉಸಿರು, ಹಸಿವು, ಅವನಿಗಾಗಿ ಕಾಯುತ್ತಿರುವ ಹೆಂಡತಿ ಮೇರಿ ಜೇನಳ ದಿಗಿಲು ಇವು ಯಾವುವೂ ಅವನ ಲೆಕ್ಕದಲ್ಲಿಲ್ಲ. ಅವನಿಗೆ ಬೇಕಾದುದು ತಾನು ಮೇಲೆಂಬ ತೀರ್ಪು. ಆ ತೀರ್ಪನ್ನು ಕೊಡುವವನೂ ಅವನೇ. ಜಾರಾಫನ ದ್ವೀಪದಂತೆಯೇ ಇದೂ ಏಕಪಕ್ಷೀಯ ಧರ್ಮ. ಗದಾಯುದ್ಧದ ದುರ್ಯೋಧನನಿಗೂ ಛಲವೇ ಪ್ರಾಣ, ನಿಜ. ಆದರೆ ಹೆಣಗಳ ನಡುವೆ ನಡೆಯುತ್ತಾ ತಮ್ಮಂದಿರನ್ನೂ ಗೆಳೆಯನನ್ನೂ ಕಂಡು ಅವನು ಅಳುತ್ತಾನೆ. ಅಭಿಮನ್ಯುವಿನ ಕಳೇಬರದ ಮುಂದೆ ವೈರಿಯ ಮಗನಿಗೆ ತಲೆಬಾಗುತ್ತಾನೆ. ರನ್ನನಲ್ಲಿ ಛಲಕ್ಕೆ ಎದುರಾಗಿ ಇತರರ ಇರವು ಸದಾ ನಿಂತಿರುತ್ತದೆ. ಡಿಮ್ಯಾಟಿಸ್ ಅವರ ಕ್ರೇವನ್ ಕಾಣುವುದು ಕನ್ನಡಿಯನ್ನು ಮಾತ್ರ. ಇದನ್ನು ಕೃತಿಯ ದೋಷವೆನ್ನುವಂತಿಲ್ಲ, ಅದರ ವಸ್ತುವೇ ಅದು. ಆದರೆ ಇದನ್ನೇ ‘ಮರ್ಯಾದಸ್ಥ ಬೇಟೆಗಾರ’ನ ಪರಮಾವಧಿಯೆಂದು ಒಪ್ಪಿ, ಉಳಿದವನ್ನೆಲ್ಲ ಅದರ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ.

ಈಗ ಅನಿಮೇಷನ್ ಸರಣಿಗೆ ಬರೋಣ. ಮಕ್ಕಳ ಕಾರ್ಯಕ್ರಮವಾದುದರಿಂದ ಇದರ ಮೇಲೆ ಪ್ರಸಾರಜಾಲದ ಕಟ್ಟುಪಾಡುಗಳು ಬಿಗಿಯಾಗಿದ್ದವು. ಬಂದೂಕುಗಳಿಂದ ಗುಂಡು ಹೊರಡುವುದಿಲ್ಲ, ಬೆಳಕಿನ ಕಿರಣ ಹೊರಡುತ್ತದೆ. ನಾಯಕನು ಮುಷ್ಟಿಯಿಂದ ಗುದ್ದುವುದು ಅತಿ ವಿರಳ. ರಕ್ತ ಕಾಣುವಂತಿಲ್ಲ. ಇಂಥಲ್ಲಿ 1987ರ ಕಥೆಯನ್ನು ತರುವುದು ಅಸಾಧ್ಯವೇ ಸರಿ. ಆತ್ಮಹತ್ಯೆಯನ್ನು ಹೇಳಲಾಗದ ಕಡೆ ಆ ಬೇಟೆಗಾರನ ಕಥೆಗೆ ಕೊನೆಯೇ ಇರುವುದಿಲ್ಲ. ಲೇಖಕರು ಕೊನೆಯನ್ನು ಬಿಟ್ಟು ಮೊದಲನ್ನು ಬದಲಾಯಿಸಿದರು. 1995ರಲ್ಲಿ ಪ್ರಸಾರವಾದ ‘ಕ್ರೇವನ್ ದಿ ಹಂಟರ್’ ಎಂಬ ಕಂತಿನಲ್ಲಿ ಅವನು ಮೂಲತಃ ಸಜ್ಜನ, ಆಫ್ರಿಕದಲ್ಲಿದ್ದ ಬೇಟೆಗಾರ. ಡಾಕ್ಟರ್ ಮರಿಯಾ ಕ್ರಾಫರ್ಡ್ ಎಂಬ ವಿಜ್ಞಾನಿ ಅವನ ಪ್ರೇಯಸಿ. ಕಾಡುಮೃಗಗಳಿಂದ ಗಾಯಗೊಂಡು ಅವನು ಸಾವಿನ ಬಾಗಿಲಿಗೆ ಬಂದಾಗ ಮರಿಯಾ, ಇನ್ನೂ ಪರೀಕ್ಷೆಗೊಳಪಡದ ತನ್ನ ದ್ರಾವಣವನ್ನು ಅವನಿಗೆ ಕೊಡುತ್ತಾಳೆ. ಅವನು ಬದುಕುತ್ತಾನೆ, ಮೃಗಬಲವೂ ಬರುತ್ತದೆ, ಬುದ್ಧಿ ಕೆಡುತ್ತದೆ. ನ್ಯೂಯಾರ್ಕಿಗೆ ಬಂದ ಅವಳನ್ನು ಬೆನ್ನಟ್ಟಿ ಅವನೂ ಬರುತ್ತಾನೆ, ಅಡ್ಡಬಂದ ಸ್ಪೈಡರ್-ಮ್ಯಾನ್‌ನೊಡನೆ ಹೋರಾಡುತ್ತಾನೆ, ಕೊನೆಗೆ ಮರಿಯಾಳ ಪ್ರತ್ಯೌಷಧದಿಂದ ಸ್ವಸ್ಥನಾಗುತ್ತಾನೆ.

ಇಲ್ಲಿ ಒಂದು ಆಕ್ಷೇಪವನ್ನು ನಾವೇ ಎತ್ತಬೇಕು. ಕೇಡನ್ನು ಔಷಧದ ದುಷ್ಪರಿಣಾಮವೆಂದು ತೋರಿಸಿದರೆ ನೈತಿಕ ಪ್ರಶ್ನೆಯೇ ಕರಗಿಹೋಗುತ್ತದೆ. ರೋಗಿಗೆ ಚಿಕಿತ್ಸೆಯಿದೆ, ಪಾಪಪುಣ್ಯಗಳಿಲ್ಲ. ಈ ಸರಣಿಯ ಅನೇಕ ಖಳರು ಹೀಗೆ ಪ್ರಯೋಗಶಾಲೆಯ ಅಪಘಾತದಿಂದ ಹುಟ್ಟಿದವರೇ ಆದುದರಿಂದ ಇದು ಲೇಖಕರ ಸುಲಭದ ದಾರಿಯೂ ಹೌದು. 1995ರ ಆ ಕಂತು ಒಂದೇ ಇದ್ದಿದ್ದರೆ ಕ್ರೇವನ್ ಕುರಿತು ಬರೆಯುವ ಅಗತ್ಯ ನಮಗೆ ಬೀಳುತ್ತಿರಲಿಲ್ಲ. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. 1964ರಲ್ಲಿ ಮದ್ದನ್ನು ಅವನೇ ಬಯಸಿ ಕುಡಿದಿದ್ದ. ಇಲ್ಲಿ ಅದನ್ನು ಪ್ರೀತಿಯಿಂದ ಬೇರೊಬ್ಬರು ಕೊಟ್ಟಿದ್ದಾರೆ. ಅವನ ಬಲ ಇನ್ನು ಅವನ ಹೆಮ್ಮೆಯ ಸೊತ್ತಲ್ಲ, ಪಡೆದುಕೊಂಡ ಸಾಲ. ಬದುಕನ್ನು ಎರಡು ಸಲ ಕೊಟ್ಟವಳು ಮರಿಯಾ: ಒಮ್ಮೆ ದೇಹವನ್ನು, ಇನ್ನೊಮ್ಮೆ ಮನಸ್ಸನ್ನು. ಈ ಎರಡನೆಯ ಸಲಕ್ಕೆ ಸ್ಪೈಡರ್-ಮ್ಯಾನ್ ಕೂಡ ಪಾಲುಗಾರ. ಛಲದ ಪಾತ್ರವೊಂದು ಋಣದ ಪಾತ್ರವಾಗಿ ತಿರುಗಿದ್ದು ಇಲ್ಲಿ, ಅಷ್ಟೇನೂ ಸದ್ದಿಲ್ಲದೆ.

ಇದರ ಫಲ ಕಾಣುವುದು ಎರಡನೆಯ ವರ್ಷದ ‘ಡ್ಯುಯೆಲ್ ಆಫ್ ದಿ ಹಂಟರ್ಸ್’ ಎಂಬ ಕಂತಿನಲ್ಲಿ. ನಮ್ಮ ಅಭಿಪ್ರಾಯದಲ್ಲಿ ಇಡೀ ಸರಣಿಯ ಅತ್ಯಂತ ವಿಚಾರಯೋಗ್ಯ ಕಂತುಗಳಲ್ಲಿ ಇದೊಂದು. ಆ ವರ್ಷದ ದೀರ್ಘಕಥೆಯಲ್ಲಿ ನಾಯಕನ ದೇಹ ಕ್ರಮೇಣ ವಿಕಾರಗೊಳ್ಳುತ್ತದೆ. ಮೊದಲು ಹೆಚ್ಚುವರಿ ತೋಳುಗಳು ಮೂಡುತ್ತವೆ, ಆಮೇಲೆ ಅವನು ಪೂರ್ಣವಾಗಿ ಮಾತಿಲ್ಲದ, ವಿವೇಕವಿಲ್ಲದ ಜೇಡಮೃಗವಾಗಿಬಿಡುತ್ತಾನೆ. ನಾಯಕನೇ ಮೃಗವಾದಾಗ ಬೇಟೆಗಾರರು ಬರುತ್ತಾರೆ. ಒಬ್ಬನು ಪನಿಶರ್, ಕುಟುಂಬವನ್ನು ಪಾತಕಿಗಳಿಗೆ ಕಳೆದುಕೊಂಡು ಲೋಕವನ್ನೇ ದಂಡಿಸಹೊರಟವನು. ಅವನ ಗುರಿ ಈ ಮೃಗವನ್ನು ಇಲ್ಲವಾಗಿಸುವುದು. ಇನ್ನೊಬ್ಬನು ಕ್ರೇವನ್, ಮರಿಯಾಳ ಕರೆಗೆ ಓಗೊಟ್ಟು, ಔಷಧ ಕೊಡುವುದಕ್ಕಾಗಿ ಮೃಗವನ್ನು ಜೀವಂತ ಹಿಡಿಯಲು ಬಂದವನು. ಒಂದೇ ಬೇಟೆಗೆ ಇಬ್ಬರು ಬೇಟೆಗಾರರಾದ್ದರಿಂದ ಅವರಿಬ್ಬರಲ್ಲೇ ಕಾಳಗವಾಗುತ್ತದೆ.

ಈ ಸನ್ನಿವೇಶವನ್ನು ಕಂಡೊಡನೆ ಕಿರಾತಾರ್ಜುನರ ಪ್ರಸಂಗವು ನೆನಪಾಗದೆ ಇರದು. ಸಂಸ್ಕೃತದಲ್ಲಿ ಭಾರವಿ, ಕನ್ನಡದಲ್ಲಿ ಪಂಪ, ಕುಮಾರವ್ಯಾಸ ಮೊದಲಾದವರು ಹೇಳಿರುವ, ಯಕ್ಷಗಾನದ ರಂಗದ ಮೇಲೆ ಇಂದಿಗೂ ಕುಣಿಯುವ ಈ ಕಥೆಯಲ್ಲಿ ಒಂದು ಹಂದಿಗೆ ಎರಡು ಬಾಣ ನಾಟುತ್ತವೆ. ಬೇಟೆ ಯಾರದೆಂಬ ಜಗಳ ಹತ್ತುತ್ತದೆ. ಆಯುಧಗಳು ತೀರಿ ಬರಿಗೈಯ ಮಲ್ಲಯುದ್ಧಕ್ಕೆ ಇಳಿಯುತ್ತದೆ. ಸೋಲುವುದರ ಮೂಲಕ ಅರ್ಜುನನು ಎದುರಾಳಿ ಯಾರೆಂಬುದನ್ನು ಅರಿಯುತ್ತಾನೆ. ಬೇಟೆಯ ನ್ಯಾಯ ಕುರಿತು ನಮ್ಮಲ್ಲಿ ನಡೆದ ಅತ್ಯಂತ ಪ್ರಸಿದ್ಧ ವಾದ ಇದೇ ಎನ್ನಬಹುದು. ಮೊದಲು ಹೊಡೆದವನಿಗೆ ಮೃಗ ಸೇರಬೇಕೋ, ಕೊಂದವನಿಗೆ ಸೇರಬೇಕೋ, ಆ ಕಾಡಿನಲ್ಲಿ ವಾಸಿಸುವವನಿಗೆ ಸೇರಬೇಕೋ ಎಂಬುದು ಅಲ್ಲಿನ ತರ್ಕ. ಈ ವಾದದಲ್ಲಿ ಎಲ್ಲರೂ ಮರೆಯುವುದು ಹಂದಿಯನ್ನು. ಅದು ಮೂಕನೆಂಬ ದಾನವ, ಸತ್ತುದು ಒಳ್ಳೆಯದೇ ಎಂದು ಕಥೆ ಮೊದಲೇ ಇತ್ಯರ್ಥ ಮಾಡಿಬಿಟ್ಟಿದೆ. ಮರ್ಯಾದೆಯ ಲೆಕ್ಕಾಚಾರ ನಡೆಯುವುದು ಬೇಟೆಗಾರ ಬೇಟೆಗಾರರ ನಡುವೆ.

ಅಮೆರಿಕದ ಈ ಕಂತನ್ನು ಬರೆದವರಿಗೆ ಕಿರಾತನ ಕಥೆ ತಿಳಿದಿತ್ತೆಂದು ನಾವು ಸೂಚಿಸುತ್ತಿಲ್ಲ. ಪ್ರಭಾವದ ಮಾತೇ ಇಲ್ಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಒಂದು ವ್ಯತ್ಯಾಸ ಎದ್ದು ತೋರುತ್ತದೆ. ಈ ಕಂತಿನಲ್ಲಿ ಹಂದಿಯ ಸ್ಥಾನದಲ್ಲಿರುವವನು ಕಥಾನಾಯಕ. ಪ್ರೇಕ್ಷಕ ಮಗುವಿಗೆ ಮೃಗದೊಳಗಿರುವ ಹುಡುಗ ಪೀಟರ್ ಪಾರ್ಕರ್ ಗೊತ್ತು. ಅವನ ಅತ್ತೆ ಗೊತ್ತು, ಅವನ ಬಾಡಿಗೆಯ ಕಷ್ಟ ಗೊತ್ತು. ಆದ್ದರಿಂದ ಇಬ್ಬರು ಬೇಟೆಗಾರರ ಕಾಳಗದಲ್ಲಿ ಯಾರು ಗೆದ್ದರು ಎಂಬುದು ಮಗುವಿನ ಪ್ರಶ್ನೆಯಾಗುವುದಿಲ್ಲ. ಮೃಗದ ಗತಿ ಏನಾಗುತ್ತದೆ ಎಂಬುದೇ ಪ್ರಶ್ನೆಯಾಗುತ್ತದೆ. ರೇನ್ಸ್‌ಫರ್ಡ್ ಹಡಗಿನ ಮೇಲೆ ತಳ್ಳಿಹಾಕಿದ ಪ್ರಶ್ನೆ ಇಲ್ಲಿ ಕಥೆಯ ನಡುಮನೆಗೆ ಬಂದು ಕೂತಿದೆ. ಇಲ್ಲಿ ಕ್ರೇವನ್ ಬಿಡದೆ ಉಳಿಸಿಕೊಂಡದ್ದು ಬೇಟೆಯ ವಿದ್ಯೆಯನ್ನು. ಜಾಡು ಹಿಡಿಯುವುದು, ಕಾಯುವುದು, ಮೇಲೆರಗುವುದು ಯಾವುದೂ ಬದಲಾಗಿಲ್ಲ. ಬದಲಾದುದು ವಿದ್ಯೆಯ ಪ್ರಯೋಜನ. ಪನಿಶರ್ ಬಳಿ ನೀತಿಯಿದೆ, ಕೋಪವಿದೆ, ಅಪರಾಧಿಗಳ ಪಟ್ಟಿಯಿದೆ. ಮೃಗವನ್ನು ಮೃಗವಾಗಿ ಅರಿಯುವ ವಿದ್ಯೆಯಿಲ್ಲ. ಸ್ವತಃ ಮೃಗವಾಗಿದ್ದು ಹಿಂತಿರುಗಿ ಬಂದವನಿಗೆ ಮಾತ್ರ ಆ ಜೇಡದೊಳಗೆ ಹಿಂತಿರುಗಬಹುದಾದ ಒಬ್ಬನಿದ್ದಾನೆಂದು ನಂಬುವುದು ಸಹಜ. ತಾನು ಪಡೆದ ಔಷಧವನ್ನು ಇನ್ನೊಬ್ಬನಿಗೆ ಮುಟ್ಟಿಸುವುದೇ ಇಲ್ಲಿ ಮರ್ಯಾದೆಯ ಅರ್ಥ. ಇದು ಜಾರಾಫನ ವಂಶದಲ್ಲಿ ಹೊಸದು, 1987ರ ಕೃತಿಯಲ್ಲಿ ಇಲ್ಲದ್ದು. ಸಾವನ್ನು ತೋರಿಸಬಾರದೆಂಬ ಕಟ್ಟುಪಾಡಿನಿಂದಲೇ ಇದು ಹುಟ್ಟಿತೆಂಬುದು ಸ್ವಾರಸ್ಯದ ಸಂಗತಿ. ಕೊಲ್ಲುವಂತಿಲ್ಲದ ಬೇಟೆಗಾರನಿಗೆ ಲೇಖಕರು ಬೇರೆ ಏನಾದರೂ ಕೆಲಸ ಹುಡುಕಲೇಬೇಕಾಯಿತು.

ಸಾವಿನ ಮಾತು ಬಂದುದರಿಂದ ಇನ್ನೊಂದು ಹೋಲಿಕೆಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಕನ್ನಡದ ಮಕ್ಕಳಿಗೆ ಅತ್ಯಂತ ಮೊದಲು ಪರಿಚಯವಾಗುವ ಮರ್ಯಾದಸ್ಥ ಬೇಟೆಗಾರನು ಮನುಷ್ಯನಲ್ಲ, ‘ಗೋವಿನ ಹಾಡಿ’ನ ಹುಲಿ ಅರ್ಭುತ. ಅವನೂ ಛಲಗಾರನಾಗಿಯೇ ಪ್ರವೇಶಿಸಿ, ಮಾತಿಗೆ ತಪ್ಪದೆ ಮರಳಿ ಬಂದ ಪುಣ್ಯಕೋಟಿಯ ಮುಂದೆ ತಿನ್ನಲಾರದೆ ನಿಂತು, ಕೊನೆಗೆ ತನ್ನ ಪ್ರಾಣವನ್ನು ತಾನೇ ಬಿಡುತ್ತಾನೆ. ಅಮೆರಿಕದ ಪ್ರಸಾರಜಾಲವು ಮಕ್ಕಳಿಗೆ ತೋರಿಸಲಾಗದೆಂದು ದೂರವಿಟ್ಟ ಅಂತ್ಯವನ್ನೇ ನಮ್ಮಲ್ಲಿ ತಲೆಮಾರುಗಳಿಂದ ಮಕ್ಕಳ ತೊಡೆಯ ಮೇಲಿಟ್ಟು ಹಾಡುತ್ತಾ ಬಂದಿದ್ದೇವೆ. ಮುಂಬಯಿಯಲ್ಲೋ ದೆಹಲಿಯಲ್ಲೋ ಕನ್ನಡದ ಮನೆಯೊಂದರಲ್ಲಿ ಮಗುವು ಒಂದೇ ಸಂಜೆ ಎರಡನ್ನೂ ಕಾಣುವುದು ಅಸಂಭವವೇನಲ್ಲ. ಆದರೆ ಅರ್ಭುತನ ಸಾವೂ ಕ್ರೇವನ್‌ನ 1987ರ ಸಾವೂ ಹೊರನೋಟಕ್ಕೆ ಒಂದೇ ಆದರೂ ಒಳಗೆ ತದ್ವಿರುದ್ಧ. ಕ್ರೇವನ್ ಸಾಯುವುದು ತಾನು ಗೆದ್ದೆನೆಂಬ ತೃಪ್ತಿಯಿಂದ. ಹುಲಿ ಸಾಯುವುದು ತನ್ನ ಎದುರಿಗಿರುವ ಜೀವವು ತನಗಿಂತ ದೊಡ್ಡದೆಂದು ಕಂಡುದರಿಂದ. ಬೇಟೆಯ ಸತ್ಯವೇ ಬೇಟೆಗಾರನ ಮೇಲೆ ಋಣದಂತೆ ಬಂದು ಬೀಳುತ್ತದೆ. ಆ ಅರ್ಥದಲ್ಲಿ ಅರ್ಭುತನು ಚಿತ್ರಕಥೆಯ ಕ್ರೇವನ್‌ಗಿಂತ ಸರಣಿಯ ಕ್ರೇವನ್‌ಗೆ ಹತ್ತಿರದವನು. ಹುಲಿಗೆ ಬದುಕುವ ದಾರಿಯನ್ನು ನಮ್ಮ ಜನಪದ ಕವಿ ಕೊಡಲಿಲ್ಲ. ಹುಲಿಗೆ ಬೇರೆ ಆಹಾರವಿಲ್ಲವಷ್ಟೆ. ಮನುಷ್ಯ ಬೇಟೆಗಾರನಿಗೆ ಅಂಥ ಒತ್ತಾಯವಿಲ್ಲ. ಹೊಟ್ಟೆಗಾಗಿ ಬೇಟೆಯಾಡುವ ಬೇಡನಿಗೂ ವಿನೋದಕ್ಕಾಗಿ ಆಡುವ ಅರಸನಿಗೂ ಇರುವ ಭೇದ ಇಲ್ಲಿ ಮುಖ್ಯ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಮೃಗಯೆಯನ್ನು ವಿನೋದಗಳ ಸಾಲಿನಲ್ಲಿಯೇ ವರ್ಣಿಸುತ್ತದೆ. ಕ್ರೇವನ್ ಆ ಸಾಲಿನವನು. ಅವನ ಸಿಂಹಕೇಸರದ ಅಂಗಿ ಆಳರಸರ ಠೀವಿಯೇ ಹೊರತು ಕಾಡಿನ ಬಡವನ ಉಡುಗೆಯಲ್ಲ.

ನಾಲ್ಕನೆಯ ವರ್ಷದ ‘ದಿ ರಿಟರ್ನ್ ಆಫ್ ಕ್ರೇವನ್’ ಕಂತಿನಲ್ಲಿ ಋಣದ ಈ ಸರಪಳಿ ಇನ್ನೊಂದು ತಿರುವು ಪಡೆಯುತ್ತದೆ. ಈಗ ಮೃಗವಾದವಳು ಮರಿಯಾ. ಅವಳನ್ನು ಹುಡುಕಿಕೊಂಡು ಬಂದವನು ಕ್ರೇವನ್. ಅವನೇ ಮತ್ತೆ ಕೆಟ್ಟನೆಂದು ಮೊದಲು ಎಲ್ಲರ ಸಂಶಯ. ರಚನೆಯ ದೃಷ್ಟಿಯಿಂದ ಇದು ಸಮರ್ಪಕವೇ: ಕೊಟ್ಟವಳೇ ಬೇಡುವ ಸ್ಥಿತಿಗೆ ಬಂದಳು. ಆದರೆ ಕಂತು ಅವಸರದ್ದು. ಹೊಸ ಪಾತ್ರವಾದ ಬ್ಲ್ಯಾಕ್ ಕ್ಯಾಟ್‌ಳನ್ನು ಬೆಳೆಸುವ ಹೊಣೆಯೂ ಅದರ ಮೇಲೆ ಬಿದ್ದುದರಿಂದ ಬೇಟೆಗಾರನಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಸರಣಿಯ ದೊಡ್ಡ ಕೊರತೆ ಬೇರೆ ಕಡೆಯಿದೆ. ಚಿತ್ರಕಥೆಗಳಲ್ಲಿ ಕ್ಯಾಲಿಪ್ಸೊ ಎಂಬವಳು ಹೈಟಿ ದ್ವೀಪದ ಮಂತ್ರವಾದಿನಿ, ಕಪ್ಪು ಹೆಂಗಸು. ಸರಣಿಯು ಆ ಹೆಸರನ್ನು ರೂಪಾಂತರಗೊಂಡ ಮರಿಯಾಳಿಗೆ ಅಂಟಿಸಿತು. ಕಾಡಿನ ಮೂಲಿಕೆಯ ಅರಿವನ್ನು ವಿಜ್ಞಾನಿಯ ಪ್ರಯೋಗಶಾಲೆಗೆ ಒಪ್ಪಿಸಿತು. ಆಫ್ರಿಕವೆಂಬುದು ಇಲ್ಲಿ ದೇಶಗಳಿಲ್ಲದ, ಊರುಗಳಿಲ್ಲದ, ಭಾಷೆಗಳಿಲ್ಲದ ಒಂದು ಹಸಿರು ಪರದೆ. 1964ರ ಕಥೆಯಲ್ಲಿಯೂ ಹಾಗೆಯೇ ಇತ್ತು. ಆದರೆ ಋಣವನ್ನೇ ಆಧಾರವಾಗಿಟ್ಟುಕೊಂಡ ಕೃತಿಯಲ್ಲಿ ಈ ಮರೆವು ಹೆಚ್ಚು ಕಣ್ಣಿಗೆ ಚುಚ್ಚುತ್ತದೆ. ಕ್ರೇವನ್ ಮರಿಯಾಳಿಗೆ ಋಣಿ. ಆ ಕಾಡಿಗೆ, ಅಲ್ಲಿ ಗಿಡದ ಗುಣವನ್ನು ಮೊದಲು ಬಲ್ಲವರಿಗೆ ಅವನು ಏನು ಕೊಡಬೇಕೆಂಬುದು ಲೆಕ್ಕಕ್ಕೆ ಬರುವುದಿಲ್ಲ.

ಮುಂದಿನ ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಹೇಳಬಹುದು. 1999ರಲ್ಲಿ ಆರಂಭವಾದ ‘ಬ್ಯಾಟ್‌ಮನ್ ಬಿಯಾಂಡ್’ ಸರಣಿಯ ಸ್ಟಾಕರ್ ಎಂಬ ಬೇಟೆಗಾರನು ಕಪ್ಪು ಚಿರತೆಯಿಂದ ಬೆನ್ನು ಮುರಿಸಿಕೊಂಡು ಯಂತ್ರದ ಬೆನ್ನುಹುರಿ ಹಾಕಿಸಿಕೊಂಡವನು. ಆಮೇಲೆ ಸಾಟಿಯಾದ ಮೃಗ ಸಿಕ್ಕದೆ ಬ್ಯಾಟ್‌ಮನ್‌ನನ್ನು ಬೆನ್ನಟ್ಟುತ್ತಾನೆ. ಕ್ರೇವನ್‌ನ ಹಳೆಯ ಛಲವನ್ನು ಅವನು ಶುದ್ಧರೂಪದಲ್ಲಿ ಮುಂದುವರಿಸಿದನು. 2008ರಲ್ಲಿ ಆರಂಭವಾದ ‘ದಿ ಸ್ಪೆಕ್ಟಾಕ್ಯುಲರ್ ಸ್ಪೈಡರ್-ಮ್ಯಾನ್’ ಅನಿಮೇಷನ್ ಸರಣಿಯಲ್ಲಿ ಕ್ರೇವನ್ ಬರಿಗೈಯ ಬೇಟೆಗಾರನೆಂಬ ಹೆಮ್ಮೆಯೊಡನೆ ಬಂದು, ಸೋತೊಡನೆ ವಿಜ್ಞಾನಿಯೊಬ್ಬನ ಬಳಿ ಹೋಗಿ ತನ್ನ ದೇಹದಲ್ಲಿ ಸಿಂಹ ಮೊದಲಾದ ಮೃಗಗಳ ಗುಣಗಳನ್ನು ಬೆರೆಸಿಕೊಂಡು ಅರೆಮೃಗವಾಗುತ್ತಾನೆ. ಮರ್ಯಾದೆಯು ಒಂದು ಸೋಲಿಗೆ ನಿಲ್ಲಲಾರದೆ ಹೋದುದನ್ನು ಅಲ್ಲಿನ ಲೇಖಕರು ಕ್ರೂರವಾದ ಸ್ಪಷ್ಟತೆಯಿಂದ ತೋರಿಸಿದ್ದಾರೆ. 2023ರ ‘ಸ್ಪೈಡರ್-ಮ್ಯಾನ್ 2’ ವಿಡಿಯೊ ಆಟದಲ್ಲಿ ಅವನು ಮಾರಕರೋಗಿ. ಹಾಸಿಗೆಯ ಮೇಲೆ ಸಾಯದೆ, ಸಮಬಲನೊಬ್ಬನ ಕೈಯಲ್ಲಿ ಕಾದಿ ಸಾಯಲು ನಗರವನ್ನೇ ಬೇಟೆಯ ಬಯಲಾಗಿ ಮಾಡುತ್ತಾನೆ. ಇಲ್ಲಿ 1987ರ ಕ್ರೇವನ್ ಪೂರ್ಣವಾಗಿ ಹಿಂತಿರುಗಿದ್ದಾನೆ.

2024ರ ಡಿಸೆಂಬರ್‌ನಲ್ಲಿ ತೆರೆಕಂಡ ‘ಕ್ರೇವನ್ ದಿ ಹಂಟರ್’ ಚಲನಚಿತ್ರ ಜನಮನ್ನಣೆ ಗಳಿಸಲಿಲ್ಲ, ಗಳಿಸುವಂಥದೂ ಅಲ್ಲ. ಅಲ್ಲಿ ಕ್ರೇವನ್‌ನೇ ನಾಯಕ. ಅವನು ಬೇಟೆಯಾಡುವುದು ಕೊಲೆಗಡುಕರನ್ನು, ಕಳ್ಳಬೇಟೆಗಾರರನ್ನು. ಬೇಟೆಗೆ ಅರ್ಹರಾದವರನ್ನೇ ಮುಂಚಿತವಾಗಿ ಆರಿಸಿಕೊಟ್ಟಿರುವುದರಿಂದ ಮೃಗದ ಕಡೆಯಿಂದ ಕೇಳಬೇಕಾದ ಪ್ರಶ್ನೆಗೆ ಎಡೆಯೇ ಇಲ್ಲ. ಮೂಕದಾನವನ ಹಂದಿಯಂತೆ ಎಲ್ಲವೂ ಮೊದಲೇ ಇತ್ಯರ್ಥವಾಗಿದೆ. ಆದರೂ ಚಿತ್ರದ ಆರಂಭ ಭಾಗವೊಂದನ್ನು ನಮ್ಮ ಚರ್ಚೆಯ ಸಂದರ್ಭದಲ್ಲಿ ಗಮನಿಸದೆ ಬಿಡುವಂತಿಲ್ಲ. ಘಾನಾ ದೇಶದಲ್ಲಿ ತಂದೆಯೊಡನೆ ಬೇಟೆಗೆ ಹೋದ ಬಾಲಕ ಸೆರ್ಗೈ ಸಿಂಹದ ಹೊಡೆತದಿಂದ ಸಾಯುತ್ತಿರುವಾಗ ಕ್ಯಾಲಿಪ್ಸೊ ಎಂಬ ಬಾಲಿಕೆ ತನ್ನ ಅಜ್ಜಿಯಿಂದ ಬಂದ ಔಷಧವನ್ನು ಅವನ ಬಾಯಿಗೆ ಹನಿಸುತ್ತಾಳೆ. ಸಾಯುತ್ತಿರುವ ಬೇಟೆಗಾರನಿಗೆ ಹೆಣ್ಣೊಬ್ಬಳು ಕರುಣೆಯಿಂದ ಕೊಟ್ಟ ಮದ್ದು ಎಂಬ ಆಶಯ 1964ರದಲ್ಲ, 1987ರದಲ್ಲ. 1995ರ ಮಕ್ಕಳ ಕಂತಿನದು. ಈ ಸಲ ಮದ್ದು ಪ್ರಯೋಗಶಾಲೆಯಿಂದ ಹೊರಟು ಅಜ್ಜಿಯ ಮನೆಗೆ ಮರಳಿದೆ.